ನವೋದಯದ 80 ಸೀಟು: ‘ಗ್ರಾಮೀಣ’ ಅಂದ್ರೆ ಯಾರು? ಸರ್ಕಾರಿ ಶಾಲೆ ಮಕ್ಕಳಿಗೆ ದಾರಿ ಎಲ್ಲಿ? (ದಾವಣಗೆರೆ–ಚಿತ್ರದುರ್ಗ)

ಪ್ರಶ್ನೆ: ಜಗಳೂರು ಎಸ್‌ಡಿಎಂಸಿ

ಎಲ್ಲರಿಗೂ ನಮಸ್ಕಾರ. ಜಗಳೂರು ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಪರವಾಗಿ ಕೇಳ್ತಿದ್ದೀನಿ. ಐದನೇ ತರಗತಿ ಮಕ್ಕಳನ್ನ ನವೋದಯ (ಕೇಂದ್ರ ಸರ್ಕಾರದ ವಸತಿ ಶಾಲೆ) ಪ್ರವೇಶ ಪರೀಕ್ಷೆಗೆ ಕೂರಿಸೋಣ ಅಂದ ತಕ್ಷಣ ಸಭೆಯಲ್ಲಿ ಒಂದೇ ಮಾತು: “ಅದು ಕೋಚಿಂಗ್‌ಗೆ ದುಡ್ಡು ಸುರಿಯೋರಿಗೆ ಬಿಡ್ರಿ, ನಮ್ಮ ಮಕ್ಕಳಿಗೆ ಎಲ್ಲಿ ಸಿಗುತ್ತೆ.” ಇದು ಬರೀ ಹತಾಶೆಯೋ ಅಥವಾ ನಿಯಮದಲ್ಲೇ ಏನಾದ್ರೂ ತೂತು ಇದೆಯೋ ತಿಳ್ಕೋಬೇಕು.

ಮೊದಲನೇದು, 80 ಸೀಟು ನಿಜಕ್ಕೂ ಹೇಗೆ ಹಂಚಿಕೆ ಆಗುತ್ತೆ? ಗ್ರಾಮೀಣ, ಎಸ್‌ಸಿ, ಎಸ್‌ಟಿ, ಒಬಿಸಿ, ಹೆಣ್ಣುಮಕ್ಕಳು ಅಂತ ಎಲ್ಲಾ ಸೇರಿಸಿದ್ರೆ ಲೆಕ್ಕ ನೂರು ದಾಟಿದ ಹಾಗೆ ಕಾಣುತ್ತೆ. ಎರಡನೇದು, ದಾವಣಗೆರೆ ಸಿಟಿ ಬಸ್ಸು ಹೋಗೋ ದೂರದಲ್ಲಿರೋ ದೊಡ್ಡ ಖಾಸಗಿ ಶಾಲೆಯ ಮಕ್ಕಳೂ ಗ್ರಾಮೀಣ ಲೆಕ್ಕಕ್ಕೇ ಬರ್ತಾರಂತೆ, ಹೌದಾ? ಮೂರನೇದು, ಹೆಸರು ಹಳ್ಳಿ ಶಾಲೆಯಲ್ಲಿ, ಮಗು ಇರೋದು ಸಿಟಿ ಕೋಚಿಂಗ್ ಹಾಸ್ಟೆಲಿನಲ್ಲಿ. ಇಂಥದ್ದನ್ನ ಯಾರಿಗೆ ಹೇಳ್ಬೇಕು? ಬೇರೆ ಕಡೆಯೂ ಇಂಥ ಸರ್ಕಾರಿ ಆಯ್ದ ಶಾಲೆಗಳಿವೆಯಲ್ಲ, ಅಲ್ಲಿ ಎಲ್ಲಾ ಥರದ ಮಕ್ಕಳು ಬರೋ ಹಾಗೆ ಏನು ಮಾಡಿದ್ದಾರೆ? ಮತ್ತೆ ಕೊನೇದಾಗಿ, ಜೂನ್‌ನಿಂದ ಪರೀಕ್ಷೆವರೆಗೆ ಶಾಲೆಯಲ್ಲೇ ಮಾಡಬಹುದಾದ ಕೆಲಸ ಏನು?

ಉತ್ತರ: ಸೂಳೆಕೆರೆ ಸೀಮೆ

ಸೀಟಿನ ಲೆಕ್ಕದಿಂದ ಶುರು ಮಾಡ್ತೀನಿ, ಯಾಕಂದ್ರೆ ಅರ್ಧ ಗೊಂದಲ ಅಲ್ಲೇ ಹುಟ್ಟೋದು.

ನಮ್ಮ ಎರಡು ಜಿಲ್ಲೆಗೂ ಒಂದೊಂದು ಜವಾಹರ ನವೋದಯ ವಿದ್ಯಾಲಯ ಇದೆ: ದಾವಣಗೆರೆಯದ್ದು ಚನ್ನಗಿರಿ ತಾಲೂಕಿನ ದೇವರಹಳ್ಳಿಯಲ್ಲಿ, ಚಿತ್ರದುರ್ಗದ್ದು ಹಿರಿಯೂರು ತಾಲೂಕಿನ ಉಡುವಳ್ಳಿಯಲ್ಲಿ. ಆರನೇ ತರಗತಿಗೆ ಒಂದು ಶಾಲೆಗೆ ಹೆಚ್ಚೆಂದರೆ 80 ಸೀಟು. ಅದರಲ್ಲಿ ಕನಿಷ್ಠ 75%, ಅಂದ್ರೆ 60 ಸೀಟು, ಗ್ರಾಮೀಣ ಮಕ್ಕಳಿಗೆ. ಉಳಿದ 20 ‘ನಗರ ಕೋಟಾ’ ಅಂತ ಹಲವರು ತಿಳ್ಕೊಂಡಿದ್ದಾರೆ, ತಪ್ಪು. ಆ 20 ಮುಕ್ತ. ಹಳ್ಳಿ ಮಗುವೂ ಅಲ್ಲಿ ಮೆರಿಟ್ ಮೇಲೆ ಬರಬಹುದು.

ಜಾತಿವಾರು ಮೀಸಲಾತಿ ಇದರ ಪಕ್ಕದಲ್ಲಿ ಕೂರೋದಲ್ಲ, ಇದರೊಳಗೇ ಹೆಣೆದುಕೊಂಡಿರುತ್ತೆ. ಒಂದೇ ಮಗು ಗ್ರಾಮೀಣವೂ ಹೌದು, ಎಸ್‌ಟಿಯೂ ಹೌದು, ಹೆಣ್ಣುಮಗುವೂ ಹೌದು. ಅದಕ್ಕೇ ನಿಮಗೆ ಮೊತ್ತ ನೂರು ದಾಟಿದ ಹಾಗೆ ಕಂಡಿದ್ದು. ಎಸ್‌ಸಿ, ಎಸ್‌ಟಿ ಪಾಲು ಆ ಜಿಲ್ಲೆಯ ಜನಸಂಖ್ಯೆಯ ಪ್ರಮಾಣದಲ್ಲಿ. ಆದರೆ ರಾಷ್ಟ್ರಮಟ್ಟದ 15% ಮತ್ತು 7.5%ಕ್ಕಿಂತ ಕಡಿಮೆ ಆಗಬಾರದು, ಎರಡೂ ಸೇರಿ 50% ಮೀರಬಾರದು. ಇದು ನಮ್ಮ ಕಡೆಗೆ ದೊಡ್ಡ ವಿಷಯ. ಚಿತ್ರದುರ್ಗದಲ್ಲಿ 2011ರ ಜನಗಣತಿ ಪ್ರಕಾರ ಎಸ್‌ಸಿ ಸುಮಾರು 23.5%, ಎಸ್‌ಟಿ ಸುಮಾರು 18%. 80ಕ್ಕೆ ಹಾಕಿದ್ರೆ ಎಸ್‌ಸಿಗೆ 19ರ ಆಸುಪಾಸು, ಎಸ್‌ಟಿಗೆ 14–15. ರಾಷ್ಟ್ರದ ಸರಾಸರಿಯನ್ನೇ ಹಿಡಿದಿದ್ದರೆ ಎಸ್‌ಟಿಗೆ ಬರೀ 6 ಸಿಗ್ತಿತ್ತು. ಮೊಳಕಾಲ್ಮೂರು, ಚಳ್ಳಕೆರೆ ಕಡೆಯ ನಾಯಕರ ಮಕ್ಕಳಿಗೆ ಈ ಒಂದು ನಿಯಮ ಎಷ್ಟು ವ್ಯತ್ಯಾಸ ಮಾಡುತ್ತೆ ನೋಡಿ. ದಾವಣಗೆರೆಗೆ ಇದೇ ಲೆಕ್ಕ ಹಾಕುವಾಗ ಒಂದು ಎಚ್ಚರ: 2011ರ ಅಂಕಿಯಲ್ಲಿ ಹರಪನಹಳ್ಳಿಯೂ ಸೇರಿದೆ. ಆ ತಾಲೂಕು 2018ರಲ್ಲಿ ಬಳ್ಳಾರಿಗೆ ಹೋಗಿ, ಆಮೇಲೆ ವಿಜಯನಗರ ಜಿಲ್ಲೆಗೆ ಸೇರಿತು. ತಾಲೂಕುವಾರು ಕಳೆದು ನೋಡದೆ ಹಳೇ ಶೇಕಡಾವಾರು ಹಿಡ್ಕೊಂಡು ವಾದ ಮಾಡಬೇಡಿ.

ಒಬಿಸಿಗೆ 27%, ಇದು 2021-22ರಿಂದ ಬಂದಿದ್ದು. ಎಸ್‌ಸಿ/ಎಸ್‌ಟಿ ಪಾಲಿನ ಮೇಲೆ ಹೆಚ್ಚುವರಿಯಾಗಿ ಸೇರುತ್ತೆ. ಇಲ್ಲೇ ಜನ ಎಡವೋದು. ಅದು ಕೇಂದ್ರದ ಒಬಿಸಿ ಪಟ್ಟಿ. ರಾಜ್ಯದ ಪ್ರವರ್ಗ-1, 2ಎ, 3ಬಿ ಅನ್ನೋ ವಿಂಗಡಣೆಗೆ ಅಲ್ಲಿ ಬೆಲೆ ಇಲ್ಲ. ವೀರಶೈವ ಲಿಂಗಾಯತರು ರಾಜ್ಯದಲ್ಲಿ 3ಬಿ. ಆದರೆ ಎಲ್ಲಾ ಒಳಪಂಗಡಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. 3ಬಿ ಪ್ರಮಾಣಪತ್ರ ಇಟ್ಕೊಂಡು ಅರ್ಜಿಯಲ್ಲಿ ‘ಒಬಿಸಿ’ ಅಂತ ಒತ್ತಿದ್ರೆ, ಆಯ್ಕೆಯಾದ ಮೇಲೆ ದಾಖಲೆ ಪರಿಶೀಲನೆಯಲ್ಲಿ ಸೀಟು ಕೈತಪ್ಪುತ್ತೆ. ಅನುಮಾನ ಇದ್ದರೆ ಸಾಮಾನ್ಯ ಅಂತಲೇ ಹಾಕಿ, ಅಥವಾ ಅರ್ಜಿಗೆ ಮೊದಲೇ ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿಯ ಹೆಸರು ಅದೇ ಕಾಗುಣಿತದಲ್ಲಿ ಇದೆಯಾ ನೋಡಿ.

ಕಾಡುಗೊಲ್ಲರ ಹಟ್ಟಿಗಳ ಮಕ್ಕಳ ವಿಷಯ ಬೇರೆ. ಎಸ್‌ಟಿಗೆ ಸೇರಿಸಿ ಅನ್ನೋ ಬೇಡಿಕೆ ಹಳೇದು. ಆದರೆ ಬೇಡಿಕೆ ಇದೆ ಅಂತ ಎಸ್‌ಟಿ ಕಾಲಂ ತುಂಬೋಕೆ ಬರಲ್ಲ. ಲಂಬಾಣಿ ತಾಂಡಾ ಮಕ್ಕಳು ನಮ್ಮ ರಾಜ್ಯದಲ್ಲಿ ಎಸ್‌ಸಿ. ಪಕ್ಕದ ರಾಜ್ಯಗಳಲ್ಲಿ ಬೇರೆ ಇರಬಹುದು, ಇಲ್ಲಿ ಅದು ಲೆಕ್ಕಕ್ಕಿಲ್ಲ.

ಹೆಣ್ಣುಮಕ್ಕಳಿಗೆ ಕನಿಷ್ಠ ಮೂರನೇ ಒಂದು ಭಾಗ, ಅಂದ್ರೆ 80ಕ್ಕೆ 27. ಇದು ನೆಲ, ಚಾವಣಿ ಅಲ್ಲ.

ಉತ್ತರ: ಕಲ್ಲಿನಕೋಟೆ

ಎರಡನೇ ಪ್ರಶ್ನೆಗೆ ನಾನು ಬರೀತೀನಿ. ಹೌದ್ರೀ, ಬರ್ತಾರೆ. ನಿಯಮದ ಪ್ರಕಾರವೇ ಬರ್ತಾರೆ, ಅದೇ ಗೋಳು.

‘ಗ್ರಾಮೀಣ’ ಅನ್ನೋದಕ್ಕೆ ನವೋದಯದಲ್ಲಿ ಬಡತನಕ್ಕೂ ಸಂಬಂಧ ಇಲ್ಲ, ಸರ್ಕಾರಿ ಶಾಲೆಗೂ ಸಂಬಂಧ ಇಲ್ಲ. ಶಾಲೆ ಎಲ್ಲಿದೆ ಅನ್ನೋದಷ್ಟೇ. 3, 4, 5ನೇ ತರಗತಿ ಮೂರೂ ವರ್ಷ ಗ್ರಾಮೀಣ ಪ್ರದೇಶದ ಮಾನ್ಯತೆ ಪಡೆದ ಶಾಲೆಯಲ್ಲಿ ಪೂರ್ತಿ ಓದಿರಬೇಕು. ಆ ಮೂರು ವರ್ಷದಲ್ಲಿ ಒಂದೇ ಒಂದು ದಿನ ನಗರ ಪ್ರದೇಶದ ಶಾಲೆಯಲ್ಲಿ ಹೆಸರಿದ್ರೂ ಆ ಮಗು ನಗರದ ಅಭ್ಯರ್ಥಿ. ಸರ್ಕಾರದ ಅಧಿಸೂಚನೆಯಲ್ಲಿ ಯಾವುದನ್ನ ನಗರ ಅಂತ ಕರೆದಿದ್ದಾರೋ ಅದು ನಗರ, ಉಳಿದಿದ್ದೆಲ್ಲಾ ಗ್ರಾಮೀಣ.

ಈಗ ಇದನ್ನ ನಮ್ಮ ನೆಲದ ಮೇಲೆ ಇಟ್ಟು ನೋಡಿ. ಜಗಳೂರು ಪಟ್ಟಣ ಪಂಚಾಯ್ತಿ. ಮೊಳಕಾಲ್ಮೂರು ಪಟ್ಟಣ ಪಂಚಾಯ್ತಿ. ನಾಯಕನಹಟ್ಟಿನೂ ಅಷ್ಟೇ. ಆ ಊರೊಳಗಿನ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದೋ ಕೂಲಿಕಾರರ ಮಗು ‘ನಗರ’. ದಾವಣಗೆರೆ ಮಹಾನಗರ ಪಾಲಿಕೆ ಗಡಿ ದಾಟಿ, ಗ್ರಾಮ ಪಂಚಾಯ್ತಿ ಜಮೀನಿನಲ್ಲಿ ಕಟ್ಟಿದ ಎ.ಸಿ. ಬಸ್ಸಿನ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಓದೋ ಡಾಕ್ಟರ್ ಮಗು ‘ಗ್ರಾಮೀಣ’. ಸಿಟಿಯಲ್ಲಿ ಮನೆ ಇದ್ರೂ ಪರವಾಗಿಲ್ಲ, ಶಾಲೆ ಗಡಿಯಾಚೆ ಇದ್ರೆ ಸಾಕು. ಕಾನೂನಿಗೆ ಚ್ಯುತಿ ಇಲ್ಲದೆ 60 ಸೀಟಿನ ಸಾಲಿನಲ್ಲಿ ಈ ಮಗು ನಿಲ್ಲುತ್ತೆ, ಜಗಳೂರು ಪೇಟೆಯ ಮಗು 20ರ ಸಾಲಿನಲ್ಲಿ ನಿಲ್ಲುತ್ತೆ. ಗೆರೆ ಎಳೆದಿದ್ದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲದ ಕಲ್ಪನೆ ಮೇಲೆ. ಒಳ್ಳೇ ಶಾಲೆ ಅಂದ್ರೆ ಆಗ ಪೇಟೆ ಮಧ್ಯದಲ್ಲಿತ್ತು. ಈಗ ಜಾಗ ಸಾಲದೆ ಒಳ್ಳೇ ಶಾಲೆಗಳೇ ಹೊರಗೆ ಬಂದಿವೆ.

ಮೂರನೇದು, ಹೆಸರಿಗಷ್ಟೇ ದಾಖಲಾತಿ. ಇದು ನಿಯಮದ ತೂತಲ್ಲ, ನಿಯಮ ಮುರಿಯೋದು. ಅರ್ಜಿಗೆ ಹಾಕೋ ದೃಢೀಕರಣ ಪತ್ರದಲ್ಲಿ ಮಗು ಯಾವ ವರ್ಷ ಎಲ್ಲಿ ಓದಿದೆ ಅಂತ ಬರೆದು ಮುಖ್ಯ ಶಿಕ್ಷಕರೇ ಸಹಿ ಹಾಕ್ತಾರೆ. ಸುಳ್ಳು ಅಂತ ಗೊತ್ತಾದ್ರೆ ಸೇರಿದ ಮೇಲೂ ಪ್ರವೇಶ ರದ್ದು ಮಾಡೋಕೆ ಅವಕಾಶ ಇದೆ. ಹಿಡಿಯೋದು ಹೇಗೆ ಅಂದ್ರೆ, ದೂರಿನಲ್ಲಿ ‘ಎಲ್ಲಾ ಮೋಸ’ ಅಂತ ಬರೆದ್ರೆ ಕಡತ ಅಲ್ಲೇ ಮಲಗುತ್ತೆ. ಸ್ಯಾಟ್ಸ್‌ನಲ್ಲಿ (ರಾಜ್ಯದ ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆ) ಯಾವ ತಾರೀಕಿಗೆ ವರ್ಗಾವಣೆ ಆಗಿದೆ, ಹಾಜರಿ ಪುಸ್ತಕ, ಬಿಸಿಯೂಟದ ದಿನವಹಿ ಲೆಕ್ಕ, ಈ ಮೂರನ್ನೂ ಒಂದಕ್ಕೊಂದು ತಾಳೆ ನೋಡಿ ಅಂತ ಕೇಳಿ. ತರಗತಿಯಲ್ಲಿ 22 ಹೆಸರು, ಊಟದ ಲೆಕ್ಕದಲ್ಲಿ ತಿಂಗಳಿಡೀ 17 ಅಂದ್ರೆ ಅಲ್ಲಿ ಏನೋ ಇದೆ ಅಂತ ಅರ್ಥ. ದೂರು ನವೋದಯದ ಪ್ರಾಚಾರ್ಯರಿಗೆ, ಒಂದು ಪ್ರತಿ ಜಿಲ್ಲಾಧಿಕಾರಿಗೆ (ವಿದ್ಯಾಲಯದ ಆಡಳಿತ ಸಮಿತಿಗೆ ಅವರೇ ಅಧ್ಯಕ್ಷರು), ಇನ್ನೊಂದು ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿ). ನಮ್ಮ ರಾಜ್ಯ ನವೋದಯ ಸಮಿತಿಯ ಹೈದರಾಬಾದ್ ಪ್ರಾದೇಶಿಕ ಕಚೇರಿ ಕೆಳಗೆ ಬರುತ್ತೆ, ಅಲ್ಲಿಗೂ ಕಳಿಸಬಹುದು. ಮಗುವಿನ ಹೆಸರು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ ಮಾರಾಯ್ರೇ. ತಪ್ಪು ದೊಡ್ಡೋರದ್ದು, ಹತ್ತು ವರ್ಷದ ಕೂಸಿನದ್ದಲ್ಲ.

ಉತ್ತರ: ಅಂಕಿಸಂಖ್ಯೆ

ಹೊರಗಿನ ಉದಾಹರಣೆ ಕೇಳಿದ್ದೀರಿ. ಅಮೆರಿಕದ ಮೂರು ಊರುಗಳು ಮೂರು ಬೇರೆ ದಾರಿ ಹಿಡಿದಿವೆ. ಮೂರನ್ನೂ ನಮ್ಮ 80 ಸೀಟಿನ ಮೇಲೆ ಹಾಕಿ ನೋಡಿದರೆ ಯಾವುದು ಇಲ್ಲಿ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಗೊತ್ತಾಗುತ್ತದೆ.

ನ್ಯೂಯಾರ್ಕ್: ಸ್ಟೈವೆಸಂಟ್, ಬ್ರಾಂಕ್ಸ್ ಸೈನ್ಸ್ ಮುಂತಾದ ಎಂಟು ಸರ್ಕಾರಿ ಪ್ರೌಢಶಾಲೆಗಳಿಗೆ ಒಂದೇ ಪರೀಕ್ಷೆ, ಅದರ ಅಂಕವೊಂದೇ ಮಾನದಂಡ. 1971ರ ರಾಜ್ಯ ಕಾನೂನೇ ಹಾಗೆ ಹೇಳುತ್ತದೆ. ಮೀಸಲಾತಿ ಇಲ್ಲ. ಫಲ: 2019ರಲ್ಲಿ ಸ್ಟೈವೆಸಂಟ್‌ನಲ್ಲಿ ಸೀಟು ಸಿಕ್ಕ 895 ಮಕ್ಕಳಲ್ಲಿ ಕಪ್ಪು ಜನಾಂಗದವರು 7. ಆದರೆ ಪರೀಕ್ಷೆ ತೆಗೆಯಿರಿ ಎಂದಾಗ ಗಟ್ಟಿಯಾಗಿ ವಿರೋಧಿಸಿದವರಲ್ಲಿ ಬಡ ವಲಸಿಗ ಏಷ್ಯನ್ ಕುಟುಂಬಗಳೂ ಇದ್ದವು. ಅವರಿಗೆ ಅದೊಂದೇ ಏಣಿ. ಹಾಗಾಗಿ ಇದನ್ನು ಶ್ರೀಮಂತರು ಮತ್ತು ಬಡವರ ಜಗಳ ಎಂದು ಸರಳ ಮಾಡಲು ಬರುವುದಿಲ್ಲ.

ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿ: ಅಲ್ಲಿನ ಥಾಮಸ್ ಜೆಫರ್ಸನ್ ಪ್ರೌಢಶಾಲೆ 2020ರಲ್ಲಿ ಪ್ರವೇಶ ಪರೀಕ್ಷೆಯನ್ನೂ 100 ಡಾಲರ್ ಅರ್ಜಿ ಶುಲ್ಕವನ್ನೂ ಕೈಬಿಟ್ಟಿತು. ಪ್ರತಿ ಮಾಧ್ಯಮಿಕ ಶಾಲೆಯ ಎಂಟನೇ ತರಗತಿಯ 1.5% ಮಕ್ಕಳಿಗೆ ಸಮನಾದ ಸೀಟನ್ನು ಆ ಶಾಲೆಗೇ ಎತ್ತಿಟ್ಟಿತು. ಮೊದಲ ವರ್ಷದಲ್ಲೇ 550 ಸೀಟಿನಲ್ಲಿ ಆರ್ಥಿಕವಾಗಿ ಹಿಂದುಳಿದ ಮಕ್ಕಳ ಪಾಲು 1%ಕ್ಕಿಂತ ಕಡಿಮೆಯಿಂದ 25%ಕ್ಕೆ ಏರಿತು, ಏಷ್ಯನ್ ಮಕ್ಕಳ ಪಾಲು 73%ರಿಂದ 54%ಕ್ಕೆ ಇಳಿಯಿತು. ಕೋರ್ಟಿಗೆ ಹೋಯಿತು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಶಾಲಾ ಮಂಡಳಿಯ ಪರ ತೀರ್ಪು ಕೊಟ್ಟಿತು, 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಪ್ರಕರಣವನ್ನು ಕೈಗೆತ್ತಿಕೊಳ್ಳಲಿಲ್ಲ.

ಇದನ್ನು ಹಾಗೆಯೇ ಇಲ್ಲಿಗೆ ತಂದರೆ ಗಣಿತವೇ ಕೂಡುವುದಿಲ್ಲ. ಒಂದು ಜಿಲ್ಲೆಯ ಐದನೇ ತರಗತಿಯಲ್ಲಿ 20,000 ಮಕ್ಕಳು ಎಂದು ಇಟ್ಟುಕೊಳ್ಳಿ. 80 ಸೀಟು ಎಂದರೆ ಸಾವಿರಕ್ಕೆ 4. ಐದನೇ ತರಗತಿಯಲ್ಲಿ 15 ಮಕ್ಕಳಿರುವ ಹಳ್ಳಿ ಶಾಲೆಯ ಪಾಲು 0.06 ಸೀಟು! ಒಂದು ಸೀಟಾದರೂ ನಿಗದಿ ಮಾಡಬೇಕೆಂದರೆ ಕನಿಷ್ಠ 250 ಮಕ್ಕಳನ್ನು ಒಟ್ಟು ಸೇರಿಸಬೇಕು. ಶಾಲೆಯ ಮಟ್ಟ ಆಗದು, ಕ್ಲಸ್ಟರೂ (ಅಕ್ಕಪಕ್ಕದ ಶಾಲೆಗಳ ಗುಂಪು) ಹಲವು ಕಡೆ ಚಿಕ್ಕದಾಗುತ್ತದೆ, ಹೋಬಳಿ ಮಟ್ಟಕ್ಕೆ ಬಂದರೆ ಲೆಕ್ಕ ಕೂರುತ್ತದೆ.

ಷಿಕಾಗೊ ದಾರಿ ನನಗೆ ಹೆಚ್ಚು ಹಿಡಿಸಿದ್ದು. ಅಲ್ಲಿ ಊರಿನ ಪ್ರತಿ ಪ್ರದೇಶಕ್ಕೂ ಕುಟುಂಬದ ಆದಾಯ, ದೊಡ್ಡವರ ವಿದ್ಯಾಭ್ಯಾಸ, ಸ್ವಂತ ಮನೆ, ಒಂಟಿ ಪೋಷಕರ ಪ್ರಮಾಣ, ಮನೆಮಾತು, ಸ್ಥಳೀಯ ಶಾಲೆಯ ಸಾಧನೆ ಇವುಗಳಿಂದ ಅಂಕ ಹಾಕಿ ನಾಲ್ಕು ಸ್ತರ ಮಾಡಿದ್ದಾರೆ. 30% ಸೀಟು ನೇರ ಮೆರಿಟ್. ಉಳಿದ 70% ನಾಲ್ಕೂ ಸ್ತರಕ್ಕೆ ಸಮಪಾಲು, ಪ್ರತಿ ಸ್ತರದೊಳಗೆ ಮತ್ತೆ ಮೆರಿಟ್. ನಮ್ಮ 60 ಗ್ರಾಮೀಣ ಸೀಟಿಗೆ ಹಾಕಿದರೆ 18 ನೇರ, 42 ಸ್ತರಗಳಿಗೆ, ಸ್ತರಕ್ಕೆ 10–11. ಇಂಥ ಸ್ತರ ಕಟ್ಟುವುದು ಕರ್ನಾಟಕಕ್ಕೆ ಹೊಸದೇನಲ್ಲ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕ ಹಿಡಿದು 114 ತಾಲೂಕುಗಳನ್ನು ಹಿಂದುಳಿದ, ಹೆಚ್ಚು ಹಿಂದುಳಿದ, ಅತ್ಯಂತ ಹಿಂದುಳಿದ ಎಂದು ವಿಂಗಡಿಸಿದೆ. ಅದೇ ಕೆಲಸವನ್ನು ಹೋಬಳಿ ಮಟ್ಟದಲ್ಲಿ ಮಾಡಬೇಕು, ಅಷ್ಟೆ.

ಉತ್ತರ: ಸೂಳೆಕೆರೆ ಸೀಮೆ

ಅಂಕಿಸಂಖ್ಯೆ ಅವರೇ, ಕಾಗದದ ಮೇಲೆ ಚೆನ್ನಾಗಿದೆ. ಆದರೆ ಷಿಕಾಗೊದಲ್ಲಿ ಜಾತಿವಾರು ಸೀಟು ಹಂಚಿಕೆ ಇಲ್ಲ, ನಮ್ಮಲ್ಲಿ ಇದೆ. ನಾಲ್ಕು ಸ್ತರ, ಒಂದೊಂದರಲ್ಲಿ ಎಸ್‌ಸಿ, ಎಸ್‌ಟಿ, ಒಬಿಸಿ, ಸಾಮಾನ್ಯ ಅಂತ ನಾಲ್ಕು ಭಾಗ, ಅದರೊಳಗೆ ಹೆಣ್ಣುಮಕ್ಕಳ ಮೂರನೇ ಒಂದು. 42 ಸೀಟು 16 ಖಾನೆಗೆ ಹರಿದು ಹಂಚಿ, ಒಂದು ಖಾನೆಗೆ ಎರಡೋ ಮೂರೋ. ಅಷ್ಟು ಚಿಕ್ಕ ಖಾನೆಯಲ್ಲಿ ಕಟ್‌ಆಫ್ ಒಂದು ವರ್ಷ 82, ಮರುವರ್ಷ 58 ಅಂತ ಕುಣಿಯುತ್ತೆ. ಪಕ್ಕದ ಖಾನೆಯಲ್ಲಿ 75 ತಗೊಂಡ ಮಗುವಿಗೆ ಸಿಗದೆ ಇಲ್ಲಿ 58ಕ್ಕೆ ಸಿಕ್ಕಿದ್ರೆ ಮೊದಲ ವರ್ಷವೇ ಕೋರ್ಟು ಕಚೇರಿ. ಜೊತೆಗೆ ಸ್ತರ ಮನೆ ವಿಳಾಸದ ಮೇಲಾದ್ರೆ ಬಾಡಿಗೆ ಕರಾರು ಹುಟ್ಟಿಕೊಳ್ಳುತ್ತೆ, ಶಾಲೆ ಮೇಲಾದ್ರೆ ಮೇಲೆ ಹೇಳಿದ ಸುಳ್ಳು ದಾಖಲಾತಿ ಇನ್ನೂ ಜಾಸ್ತಿ.

ನನ್ನ ಕೇಳಿದ್ರೆ ಒಂದೇ ಒಂದು ಹೊಸ ಗೆರೆ ಸಾಕು: ಸರ್ಕಾರಿ ಶಾಲೆಯಲ್ಲಿ ಓದಿದ ಮಕ್ಕಳಿಗೆ ಸಮತಲ ಮೀಸಲಾತಿ. ಸಮತಲ ಅಂದ್ರೆ ಎಸ್‌ಸಿ, ಎಸ್‌ಟಿ, ಒಬಿಸಿ, ಸಾಮಾನ್ಯ ಪ್ರತಿಯೊಂದರ ಒಳಗೂ ಇಷ್ಟು ಪಾಲು ಸರ್ಕಾರಿ ಶಾಲೆಯವರಿಗೆ ಅಂತ. ತಮಿಳುನಾಡು 2020ರಲ್ಲಿ ವೈದ್ಯಕೀಯ ಸೀಟಿನಲ್ಲಿ ಇದನ್ನೇ ಮಾಡಿತು: 6ರಿಂದ 12ನೇ ತರಗತಿ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ 7.5%. ಮದ್ರಾಸ್ ಹೈಕೋರ್ಟ್ 2022ರಲ್ಲಿ ಅದನ್ನ ಎತ್ತಿಹಿಡಿಯಿತು. ನಮ್ಮ ಸಿಇಟಿಯಲ್ಲೂ ಗ್ರಾಮೀಣರಿಗೆ 15%, ಕನ್ನಡ ಮಾಧ್ಯಮಕ್ಕೆ 5% ಇದೆ. ಅದಕ್ಕೆ 1ರಿಂದ 10ನೇ ತರಗತಿವರೆಗಿನ ಓದಿನ ದಾಖಲೆ ಕೇಳ್ತಾರೆ. ಹತ್ತು ವರ್ಷದ ದಾಖಲೆ ಸುಳ್ಳು ಮಾಡೋದು ಮೂರು ವರ್ಷದ್ದಕ್ಕಿಂತ ಕಷ್ಟ. ನವೋದಯಕ್ಕೂ 3ರಿಂದ 5ರ ಬದಲು 1ರಿಂದ 5 ಅಂತ ಮಾಡಿ, ಯುಡೈಸ್ ಕೋಡ್‌ನಿಂದ (ಪ್ರತಿ ಶಾಲೆಗೂ ಇರೋ ಗುರುತಿನ ಸಂಖ್ಯೆ) ಶಾಲೆ ಸರ್ಕಾರಿಯೋ ಖಾಸಗಿಯೋ ಅಂತ ಕಂಪ್ಯೂಟರೇ ಹೇಳುತ್ತೆ. ಆಗ ಮುಖ್ಯ ಶಿಕ್ಷಕರ ಸಹಿ ಮೇಲೆ ಅಷ್ಟೊಂದು ಭಾರ ಬೀಳಲ್ಲ.

ಉತ್ತರ: ಅಂಕಿಸಂಖ್ಯೆ

ಖಾನೆ ಚಿಕ್ಕದಾಗುವ ವಾದ ಸರಿ, ಒಪ್ಪುತ್ತೇನೆ. ಆದರೆ ಸರ್ಕಾರಿ ಶಾಲೆಯ ಗೆರೆಯೂ ತಾಲೂಕು ನಡುವಿನ ಅಂತರವನ್ನು ಮುಟ್ಟುವುದಿಲ್ಲ. ಹರಿಹರದ ಸರ್ಕಾರಿ ಶಾಲೆಗೂ ಜಗಳೂರಿನ ಒಬ್ಬರೇ ಮೇಷ್ಟ್ರು ಇರುವ ಶಾಲೆಗೂ ಒಂದೇ ತಕ್ಕಡಿ ಆಗಿಬಿಡುತ್ತದೆ. ಸ್ತರ ನಾಲ್ಕರ ಬದಲು ಎರಡೇ ಮಾಡಿದರೆ ನಿಮ್ಮ ಆಕ್ಷೇಪಣೆ ಬಹುಪಾಲು ಕರಗುತ್ತದೆ.

ಮತ್ತೊಂದು ಮಾತು, ಇದು ನನಗೆ ಮೀಸಲಾತಿಗಿಂತ ಮುಖ್ಯ. ಫ್ಲಾರಿಡಾದ ಬ್ರೋವರ್ಡ್ ಕೌಂಟಿಯಲ್ಲಿ ಪ್ರತಿಭಾವಂತ ಮಕ್ಕಳ ತರಗತಿಗೆ ಮೊದಲು ಪೋಷಕರು, ಶಿಕ್ಷಕರು ಹೆಸರು ಸೂಚಿಸಬೇಕಿತ್ತು. 2005ರ ಸುಮಾರಿಗೆ ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಮೊದಲ ಹಂತದ ಪರೀಕ್ಷೆ ಕಡ್ಡಾಯ ಮಾಡಿದರು. ಬಡವರ, ಕಪ್ಪು ಜನಾಂಗದ, ಹಿಸ್ಪಾನಿಕ್ ಮಕ್ಕಳ ಆಯ್ಕೆ ಗಣನೀಯವಾಗಿ ಏರಿತು. ಆ ಮಕ್ಕಳು ಮೊದಲೂ ಅಲ್ಲೇ ಇದ್ದರು, ಯಾರೂ ಹೆಸರು ಕೊಟ್ಟಿರಲಿಲ್ಲ. ಮುಂದೆ ಹಣದ ಕೊರತೆಯಿಂದ ಅದನ್ನು ಮೊಟಕುಗೊಳಿಸಿದಾಗ ಸಿಕ್ಕ ಲಾಭವೂ ಹೋಯಿತು. ನವೋದಯ ಅರ್ಜಿಗೆ ಶುಲ್ಕವೇ ಇಲ್ಲ. ಸ್ಯಾಟ್ಸ್‌ನಲ್ಲಿ ಐದನೇ ತರಗತಿಯ ಪ್ರತಿ ಮಗುವಿನ ಹೆಸರಿದೆ. ಕಟ್‌ಆಫ್ ಬಗ್ಗೆ ಜಗಳ ಆಡುವ ಮೊದಲು, ನಿಮ್ಮ ಕ್ಲಸ್ಟರಿನ ಎಷ್ಟು ಶಾಲೆಗಳಿಂದ ಒಂದೂ ಅರ್ಜಿ ಹೋಗಿಲ್ಲ ಎಂದು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಅವರನ್ನು ಕೇಳಿ ನೋಡಿ.

ಉತ್ತರ: ಐದನೇ ಕ್ಲಾಸ್ ಗಣಿತ

ಮೇಲಿನವರು ನೀತಿ ಬರೆದಿದ್ದಾರೆ, ನಾನು ಕ್ಲಾಸ್‌ರೂಮಿಗೆ ಬರ್ತೀನಿ.

ಪತ್ರಿಕೆ: 80 ಪ್ರಶ್ನೆ, 100 ಅಂಕ, 2 ಗಂಟೆ. ಒಂದೊಂದಕ್ಕೂ 1.25. ತಪ್ಪಿಗೆ ಅಂಕ ಕಳೆಯಲ್ಲ. ಮಾನಸಿಕ ಸಾಮರ್ಥ್ಯ 40 ಪ್ರಶ್ನೆ 50 ಅಂಕ, ಅಂಕಗಣಿತ 20ಕ್ಕೆ 25, ಭಾಷೆ 20ಕ್ಕೆ 25. ಮೂರರಲ್ಲೂ ಬೇರೆ ಬೇರೆಯಾಗಿ ಕನಿಷ್ಠ ಅರ್ಹತೆ ಬೇಕು. ಅದಕ್ಕೆ ಚಿತ್ರದ ಪ್ರಶ್ನೆಯಲ್ಲಿ 50ಕ್ಕೆ 50 ತಗೊಂಡು ಭಾಷೆಯಲ್ಲಿ ಕೈಚೆಲ್ಲಿದ್ರೆ ಪ್ರಯೋಜನ ಇಲ್ಲ. ವಿಶೇಷ ಅಗತ್ಯದ ಮಕ್ಕಳಿಗೆ 40 ನಿಮಿಷ ಹೆಚ್ಚು ಕೊಡ್ತಾರೆ.

ಅರ್ಧ ಅಂಕ ಇರೋ ಮಾನಸಿಕ ಸಾಮರ್ಥ್ಯದ ಭಾಗದಲ್ಲಿ ಒಂದು ಅಕ್ಷರವೂ ಓದೋದಿಲ್ಲ, ಪೂರ್ತಿ ಚಿತ್ರ. ಹತ್ತು ವಿಧ, ವಿಧಕ್ಕೆ ನಾಲ್ಕು: ಗುಂಪಿಗೆ ಸೇರದ್ದು, ಹೋಲುವ ಆಕೃತಿ, ವಿನ್ಯಾಸ ಪೂರ್ಣಗೊಳಿಸೋದು, ಆಕೃತಿ ಸರಣಿ, ಸಾದೃಶ್ಯ, ಜ್ಯಾಮಿತಿ ಆಕೃತಿ ಪೂರ್ಣಗೊಳಿಸೋದು, ಕನ್ನಡಿ ಬಿಂಬ, ಕಾಗದ ಮಡಚಿ ತೂತು ಮಾಡಿ ಬಿಚ್ಚಿದಾಗ ಹೇಗಿರುತ್ತೆ ಅನ್ನೋದು, ತುಂಡು ಜೋಡಿಸೋದು, ಅಡಗಿರೋ ಆಕೃತಿ. ಭಾಷೆ ಬೇಡ, ಪುಸ್ತಕ ಬೇಡ, ಎಲ್ಲಾ ಮಕ್ಕಳಿಗೂ ಸಮ ಅಂತ ಕಾಣುತ್ತೆ. ನಿಜ ಏನಂದ್ರೆ ತರಬೇತಿಯಿಂದ ಅತಿ ಬೇಗ ಏರೋ ಭಾಗವೇ ಇದು. ಶಾಲೆಯ ಪಠ್ಯದಲ್ಲಿ ಇಂಥದ್ದು ಎಲ್ಲೂ ಬರಲ್ಲ. ಮೊದಲ ಸಲ ಪರೀಕ್ಷಾ ಹಾಲಿನಲ್ಲಿ ನೋಡೋ ಮಗು ‘ಏನು ಕೇಳ್ತಿದ್ದಾರೆ’ ಅಂತ ತಿಳಿಯೋದ್ರೊಳಗೆ ಹತ್ತು ನಿಮಿಷ ಕಳೀತದೆ. ಕೋಚಿಂಗಿನವರು ಮಾರೋದು ಬಹುತೇಕ ಈ ಪರಿಚಯವನ್ನೇ.

ಆದ್ದರಿಂದ ಅದನ್ನ ಪುಕ್ಕಟೆ ಕೊಟ್ಟುಬಿಡಿ. ಜೂನ್ ಕೊನೆಯಿಂದ ವಾರಕ್ಕೆ ಒಂದು ವಿಧ, ದಿನಕ್ಕೆ 20 ನಿಮಿಷ. ತೂತಿನ ಪ್ರಶ್ನೆಗೆ ಹಳೇ ನೋಟ್‌ಬುಕ್ ಹಾಳೆಯನ್ನ ಮಕ್ಕಳೇ ಮಡಚಿ, ಕೈವಾರದ ಮೊನೆಯಿಂದ ಚುಚ್ಚಿ, ಬಿಚ್ಚಿ ನೋಡಲಿ. ಎರಡು ಮಡಿಕೆಗೆ ನಾಲ್ಕು ತೂತು ಯಾಕೆ ಬಂತು ಅಂತ ಒಂದ್ಸಲ ಕೈಯಲ್ಲಿ ಮಾಡಿದ ಮಗು ಆಮೇಲೆ ತಪ್ಪೋದಿಲ್ಲ. ಕನ್ನಡಿ ಬಿಂಬಕ್ಕೆ ನಿಜವಾದ ಕನ್ನಡಿ ಇಡಿ. ಹತ್ತು ವಾರಕ್ಕೆ ಹತ್ತು ವಿಧ ಮುಗಿಯುತ್ತೆ, ದಸರಾ ರಜೆ ಮುಂಚೆ. ಆಮೇಲೆ ಬರೀ ವೇಗ: 40 ಪ್ರಶ್ನೆ 60 ನಿಮಿಷ, ಅಂದ್ರೆ ಒಂದಕ್ಕೆ ಒಂದೂವರೆ.

ಗಣಿತದಲ್ಲಿ ಮಕ್ಕಳು ಕಳ್ಕೊಳ್ಳೋದು ಭಿನ್ನರಾಶಿ, ದಶಮಾಂಶ, ಲಸಾಅ–ಮಸಾಅ, ಸುತ್ತಳತೆ–ವಿಸ್ತೀರ್ಣದಲ್ಲಿ. ಐದನೇ ಪಠ್ಯದ ಈ ಪಾಠಗಳು ವರ್ಷದ ಕೊನೆಗೆ ಬಿದ್ದಿದ್ರೆ ಹಿಂದಕ್ಕೆ ತನ್ನಿ, ಪರೀಕ್ಷೆ ಡಿಸೆಂಬರ್ ಅಥವಾ ಜನವರಿಯಲ್ಲಿ ಬಂದುಬಿಡುತ್ತೆ. ಭಾಷೆ ನಾಲ್ಕು ಗದ್ಯಭಾಗ, ಒಂದಕ್ಕೆ ಐದು ಪ್ರಶ್ನೆ. ಕನ್ನಡ ಮಾಧ್ಯಮದ ಮಗು ಕನ್ನಡವನ್ನೇ ಆರಿಸಲಿ. ‘ಇಂಗ್ಲಿಷ್ ತಗೊಂಡ್ರೆ ಒಳ್ಳೇದು’ ಅನ್ನೋ ಮಾತಿಗೆ ಬುಡ ಇಲ್ಲ.

ಒಎಂಆರ್ (ಉತ್ತರದ ವೃತ್ತ ತುಂಬೋ ಹಾಳೆ) ಬಗ್ಗೆ ಯಾರೂ ಯೋಚನೆ ಮಾಡಲ್ಲ. ಪೆನ್ಸಿಲ್ ಅಭ್ಯಾಸದ ಮಕ್ಕಳಿಗೆ ನೀಲಿ ಅಥವಾ ಕಪ್ಪು ಬಾಲ್‌ಪೆನ್. ಒಂದ್ಸಲ ತುಂಬಿದ್ರೆ ಅಳಿಸೋ ಹಾಗಿಲ್ಲ, ಎರಡು ತುಂಬಿದ್ರೆ ಸೊನ್ನೆ. ಪ್ರಶ್ನೆ 17 ಬಿಟ್ಟು 18ಕ್ಕೆ ಹೋದ ಮಗು 18ರ ಉತ್ತರವನ್ನ 17ರ ಮನೆಯಲ್ಲಿ ತುಂಬುತ್ತೆ, ಅಲ್ಲಿಂದ ಮುಂದಿನದ್ದೆಲ್ಲಾ ಒಂದೊಂದು ಸ್ಥಾನ ಜಾರುತ್ತೆ. ಅದಕ್ಕೇ ಏನನ್ನೂ ಬಿಡಬೇಡ ಅಂತ ಕಲಿಸಿ. ಅಂಕ ಕಳೆಯದ ಪರೀಕ್ಷೆಯಲ್ಲಿ ಬಿಡೋದರಿಂದ ಲಾಭವೂ ಇಲ್ಲ. ಜೆರಾಕ್ಸ್ ಮಾಡಿದ ಒಎಂಆರ್ ಹಾಳೆ ಮೇಲೆ ಪರೀಕ್ಷೆಗೆ ಮುಂಚೆ ಐದಾರು ಸಲವಾದ್ರೂ ಬರೆಸಿ.

ಪ್ರಶ್ನೆ: ಜಗಳೂರು ಎಸ್‌ಡಿಎಂಸಿ

ಎಲ್ಲರಿಗೂ ಧನ್ಯವಾದ, ಇದನ್ನ ಪ್ರಿಂಟ್ ಹಾಕಿಸಿ ಮುಂದಿನ ಸಭೆಯಲ್ಲಿ ಇಡ್ತೀವಿ. ಎರಡು ಉಳೀತು. ಅರ್ಜಿ ಹಾಕುವಾಗ ಎಲ್ಲಿ ತಪ್ಪುತ್ತೆ? ಮತ್ತೆ ಸರ್ಕಾರಿ ಶಾಲೆ ಕೋಟಾ ಬೇಡಿಕೆ ಯಾರ ಮುಂದೆ ಇಡಬೇಕು, ಎಂಎಲ್‌ಎ ಹತ್ರನಾ ಎಂಪಿ ಹತ್ರನಾ?

ಉತ್ತರ: ಕಲ್ಲಿನಕೋಟೆ

ನವೋದಯ ಕೇಂದ್ರದ್ದು, ಅದಕ್ಕೆ ಎಂಪಿ. ರಾಜ್ಯದ ಮುಂದೆ ಅರಚಿ ಉಪಯೋಗ ಇಲ್ಲ. ಆದ್ರೆ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ, ಆದರ್ಶ ವಿದ್ಯಾಲಯ ಇವೆಲ್ಲಾ ರಾಜ್ಯದ ಕೈಲಿವೆ, ಸರ್ಕಾರಿ ಆದೇಶದಲ್ಲೇ ಬದಲಾಯಿಸಬಹುದು. ವಸತಿ ಶಾಲೆಗಳಲ್ಲಿ ಅನಾಥ ಮಕ್ಕಳು, ಮಾಜಿ ದೇವದಾಸಿಯರ ಮಕ್ಕಳು, ಸಫಾಯಿ ಕರ್ಮಚಾರಿಗಳ ಮಕ್ಕಳಿಗೆ ವಿಶೇಷ ವರ್ಗದ ಪ್ರವೇಶ ಈಗಾಗಲೇ ಇದೆ. ನಿಮ್ಮ ಊರಲ್ಲಿ ಅಂಥ ಮಗು ಇದ್ರೆ ನವೋದಯ ಒಂದನ್ನೇ ನೆಚ್ಕೊಂಡು ಕೂರಬೇಡಿ, ಎರಡಕ್ಕೂ ಹಾಕಿಸಿ.

ಬೇಡಿಕೆ ಇಡೋ ಮೊದಲು ಅಂಕಿ ತಗೊಳ್ಳಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ನವೋದಯ ಸಮಿತಿಯ ಹೈದರಾಬಾದ್ ಕಚೇರಿಗೆ ಕೇಳಿ: ಕಳೆದ ಮೂರು ವರ್ಷ ಈ ಜಿಲ್ಲೆಯಿಂದ ಅರ್ಜಿ ಹಾಕಿದವರು, ಪರೀಕ್ಷೆ ಬರೆದವರು, ಆಯ್ಕೆಯಾದವರು, ಮೂರನ್ನೂ ತಾಲೂಕುವಾರು, ಸರ್ಕಾರಿ–ಖಾಸಗಿ ಶಾಲೆವಾರು, ವರ್ಗವಾರು ಕೊಡಿ. ಜೊತೆಗೆ ಪ್ರತಿ ವರ್ಗದ ಕೊನೆಯ ಆಯ್ಕೆಯ ಅಂಕ. ಮಕ್ಕಳ ಹೆಸರು, ಒಬ್ಬೊಬ್ಬರ ಅಂಕ ಕೇಳಿದ್ರೆ ಖಾಸಗಿ ಮಾಹಿತಿ ಅಂತ ತಿರಸ್ಕರಿಸ್ತಾರೆ. ಬರೀ ಒಟ್ಟು ಸಂಖ್ಯೆ ಕೇಳಿ. ಉತ್ತರಕ್ಕೆ 30 ದಿನ.

ಉತ್ತರ: ಐದನೇ ಕ್ಲಾಸ್ ಗಣಿತ

ಅರ್ಜಿಯಲ್ಲಿ ಮೊದಲ ತಪ್ಪು ಹುಟ್ಟಿದ ತಾರೀಕು. 2026-27ರ ಪ್ರವೇಶಕ್ಕೆ 1-5-2014ರಿಂದ 31-7-2016ರ ನಡುವೆ ಹುಟ್ಟಿರಬೇಕಿತ್ತು. ಪ್ರತಿ ವರ್ಷ ಇದು ಒಂದು ವರ್ಷ ಮುಂದೆ ಸರಿಯುತ್ತೆ. ಜನನ ಪತ್ರ, ಆಧಾರ್, ಶಾಲೆ ದಾಖಲಾತಿ ಮೂರರಲ್ಲಿ ಮೂರು ತಾರೀಕು ಇರೋ ಮಕ್ಕಳು ಹಳ್ಳಿಯಲ್ಲಿ ಬಹಳ. ಜೂನ್ ಮೊದಲ ವಾರವೇ ಪಟ್ಟಿ ಮಾಡಿ ಸರಿಪಡಿಸೋಕೆ ಹಚ್ಚಿ, ಜುಲೈನಲ್ಲಿ ಓಡಾಡಿದ್ರೆ ಆಗಲ್ಲ. ಎರಡನೇದು ಜಿಲ್ಲೆ: ವಾಸ ಇರೋ ಜಿಲ್ಲೆಯಲ್ಲೇ ಐದನೇ ತರಗತಿ ಓದ್ತಿರಬೇಕು. ನಿಮ್ಮ ಜಗಳೂರು ಗಡಿ ಹಳ್ಳಿಗಳಿಂದ ಪಕ್ಕದ ಜಿಲ್ಲೆ ಶಾಲೆಗೆ ಹೋಗೋ ಮಕ್ಕಳಿದ್ರೆ ಮೊದಲೇ ನೋಡ್ಕೊಳ್ಳಿ. ಮೂರನೇದು, ಒಂದು ಮಗುವಿಗೆ ಒಂದೇ ಅವಕಾಶ, ಮತ್ತೊಮ್ಮೆ ಐದನೇ ತರಗತಿಗೆ ಕೂರಿಸಿ ಬರೆಸೋಕೆ ಬರಲ್ಲ.

ದೃಢೀಕರಣ ಪತ್ರಕ್ಕೆ ಫೋಟೋ ಅಂಟಿಸಿ, ಮಗು, ಪೋಷಕರು, ಮುಖ್ಯ ಶಿಕ್ಷಕರು ಮೂವರ ಸಹಿ ಆದ ಮೇಲೆ ಸ್ಕ್ಯಾನ್ ಮಾಡಿ. ಫೈಲ್ 10ರಿಂದ 100 ಕೆಬಿ ಒಳಗೆ ಇರಬೇಕು. ಮೊಬೈಲ್ ಫೋಟೋ ಹಾಗೇ ಹಾಕಿದ್ರೆ ಹತ್ತೋದಿಲ್ಲ. ಸೈಬರ್ ಸೆಂಟರಿನವರು ಅವಸರದಲ್ಲಿ ಗ್ರಾಮೀಣ ಬದಲು ನಗರ, ಎಸ್‌ಟಿ ಬದಲು ಒಬಿಸಿ, ಕನ್ನಡ ಬದಲು ಇಂಗ್ಲಿಷ್ ಒತ್ತಿಬಿಡ್ತಾರೆ. ಪ್ರಿಂಟ್ ತಗೊಂಡು ಈ ಮೂರು ಸಾಲಿಗೆ ಗೆರೆ ಎಳೆದು ಪೋಷಕರಿಗೆ ಓದಿ ಹೇಳಿ. ಕೊನೇ ದಿನ ಮುಗಿದ ಮೇಲೆ ತಿದ್ದುಪಡಿಗೆ ಸ್ವಲ್ಪ ದಿನ ಬಿಡ್ತಾರೆ. ಕೇಂದ್ರದ ನಮೂನೆಯ ಒಬಿಸಿ ಪತ್ರಕ್ಕೆ ನಾಡಕಚೇರಿಯಲ್ಲಿ ಬೇರೆಯೇ ಅರ್ಜಿ ಕೊಡಬೇಕು. ಮೊದಲೇ ಇರೋ ರಾಜ್ಯದ ಜಾತಿ–ಆದಾಯ ಪತ್ರ ತೋರಿಸಿ “ಇದೇ ಸಾಕು” ಅಂತ ಯಾರಾದ್ರೂ ಅಂದ್ರೆ ನಂಬಬೇಡಿ.